ರಿಕ್ರಿಯೇಷನಲ್ ಥೆರಪಿ ಓದುವ ಆಸೆ: ಕಲಬುರಗಿಯಿಂದ ಯಾವ ದಾರಿ?

ಸೇಡಂ ವಿದ್ಯಾರ್ಥಿನಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಸೇಡಂ ತಾಲ್ಲೂಕಿನವಳು. ಕಲಬುರಗಿಯಲ್ಲಿ ಮನಶ್ಶಾಸ್ತ್ರವನ್ನು ಒಂದು ವಿಷಯವಾಗಿ ತೆಗೆದುಕೊಂಡು ಬಿ.ಎ. ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಎರಡು ವರ್ಷಗಳ ಹಿಂದೆ ನಮ್ಮ ಆಯಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮವನ್ನು ಮನೆಯಲ್ಲಿ ಮಾಡಿಸಲು ಹೋದರೆ ಆಯಿ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿಬಿಡುತ್ತಿದ್ದರು. ಹೀಗಿರುವಾಗ ಒಂದು ದಿನ ಓಣಿಯ ಹಿರಿಯ ಹೆಂಗಸರಿಬ್ಬರು ಬಂದು, ಅವರ ಮಂಚದ ಪಕ್ಕದಲ್ಲಿಯೇ ಸುಣ್ಣದ ಕಡ್ಡಿಯಿಂದ ಚೌಕಾಬಾರದ ಮನೆಗಳನ್ನು ಬರೆದು ಆಡತೊಡಗಿದರು. ಮೂರನೆಯ ದಿನ ಆಯಿಯೇ ಕವಡೆ ಕೇಳಿದರು. ಮೊದಲು ಎಡಗೈಯಿಂದ ಆಡಿದವರು, ಕೆಲವು ವಾರಗಳ ನಂತರ ಬಲಗೈ ಬೆರಳಿನಿಂದ ಕಾಯಿ ದೂಡಲು ತಾವಾಗಿಯೇ ಯತ್ನಿಸಿದ್ದನ್ನು ನಾನು ಕಣ್ಣಾರೆ ಕಂಡೆ.

ಆಟ, ಹಾಡು, ಕರಕುಶಲಗಳನ್ನೇ ಚಿಕಿತ್ಸೆಯ ಸಾಧನವಾಗಿ ಬಳಸುವ ರಿಕ್ರಿಯೇಷನಲ್ ಥೆರಪಿ ಎಂಬ ವೃತ್ತಿಯೇ ಇದೆ ಎಂಬುದು ನನಗೆ ಆಮೇಲೆ ತಿಳಿಯಿತು. ಪಿಯುಸಿಯಲ್ಲಿ ನಾನು ಕಲಾ ವಿಭಾಗದವಳು. ಈ ಕ್ಷೇತ್ರಕ್ಕೆ ಬರಲು ಮುಂದೆ ಏನು ಓದಬೇಕು? "ಆಟ ಆಡಸ್ಲಿಕ್ಕ ಡಿಗ್ರಿ ಯಾಕ ಬೇಕು?" ಎಂದು ಅಪ್ಪ ಕೇಳುತ್ತಾರೆ; ಅವರಿಗೆ ಸಮಾಧಾನವಾಗುವ ಉತ್ತರವೂ ನನ್ನಲ್ಲಿಲ್ಲ.

ಪುನರ್ವಸತಿ ಕಾರ್ಯಕರ್ತ, ಕಲಬುರಗಿ

ತಂಗಿ, ಈ ವೃತ್ತಿಯ ತಿರುಳು ನಿಮ್ಮ ತಂದೆಯವರ ಪ್ರಶ್ನೆಯಲ್ಲಿಯೇ ಇರುವುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಆಟ ಆಡಿಸಲು ಪದವಿ ಬೇಕಿಲ್ಲ. ಆದರೆ ಈ ರೋಗಿಗೆ ಈ ಆಟವೇ ಏಕೆ, ಎಷ್ಟು ಹೊತ್ತು, ಯಾವ ಭಂಗಿಯಲ್ಲಿ, ಯಾರ ಜೊತೆ, ಅದರಿಂದ ಏನು ಬದಲಾಗಬೇಕು, ಬದಲಾಯಿತೇ ಎಂಬುದನ್ನು ಹೇಗೆ ಅಳೆಯಬೇಕು ಎಂದು ನಿರ್ಧರಿಸಲು ಓದು ಬೇಕು. ಚೌಕಾಬಾರವನ್ನೇ ನೋಡಿ. ಕವಡೆಯನ್ನು ಹಿಡಿದು ಬಿಡುವುದು ಬೆರಳಿನ ಕೆಲಸ; ಗರ ಎಣಿಸಿ ಯಾವ ಕಾಯಿ ನಡೆಸಬೇಕೆಂದು ಯೋಚಿಸುವುದು ಗಮನದ, ಲೆಕ್ಕದ ಕೆಲಸ; ತನ್ನ ಸರದಿಗೆ ಕಾಯುವುದು, ಕಾಯಿ ಹೊಡೆಸಿಕೊಂಡಾಗ ಸಹಿಸುವುದು ಮನಸ್ಸಿನ ಕೆಲಸ. ಇವುಗಳಲ್ಲಿ ನಿಮ್ಮ ಆಯಿಗೆ ಯಾವುದು ಬೇಕಾಗಿದೆ ಎಂದು ಮೊದಲು ಗುರುತಿಸಿ, ಗುರಿ ಬರೆದು, ಆಡಿಸಿ, ಫಲವನ್ನು ದಾಖಲಿಸಿದಾಗ ಮಾತ್ರ ಅದು ಚಿಕಿತ್ಸೆಯಾಗುತ್ತದೆ.

ನಾನು ಇದನ್ನು ಕಲಿತದ್ದು ತಪ್ಪು ಮಾಡಿಯೇ. ಕೆಲಸಕ್ಕೆ ಸೇರಿದ ಮೊದಲ ವರ್ಷ ಎಲ್ಲರ ಮುಂದೆಯೂ ಕೇರಂ ಬೋರ್ಡ್ ಇಡುತ್ತಿದ್ದೆ. ಹಿರಿಯ ರೈತರೊಬ್ಬರು ಎರಡು ವಾರ ಯಾರೊಂದಿಗೂ ಮಾತನಾಡದೆ ಮೂಲೆಯಲ್ಲಿ ಕುಳಿತಿದ್ದರು. ಅವರು ಊರಿನ ಭಜನಾ ಮೇಳದಲ್ಲಿ ಏಕತಾರಿ ಹಿಡಿದು ತತ್ವಪದ ಹಾಡುತ್ತಿದ್ದವರೆಂದು ಅವರ ಮಗ ಹೇಳಿದ ಮೇಲೆ ನನಗೆ ನಾಚಿಕೆಯಾಯಿತು, ಏಕೆಂದರೆ ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ.

ಓದಿನ ವಿಚಾರಕ್ಕೆ ಬಂದರೆ, ನಮ್ಮ ಭಾಗದ ವಿಶ್ವವಿದ್ಯಾಲಯಗಳಲ್ಲಿ ಈ ಹೆಸರಿನ ಪದವಿಯನ್ನು ನಾನು ಕಂಡಿಲ್ಲ. ಇದಕ್ಕೆ ತೀರಾ ಹತ್ತಿರದ್ದು ಆಕ್ಯುಪೇಷನಲ್ ಥೆರಪಿ, ಅಂದರೆ ದಿನನಿತ್ಯದ ಕೆಲಸಗಳನ್ನು ರೋಗಿ ಮತ್ತೆ ತಾನೇ ಮಾಡಿಕೊಳ್ಳುವಂತೆ ಮಾಡುವ ಚಿಕಿತ್ಸೆ. ಆದರೆ ಅದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ನಿಮಗೆ ಸಮಾಜಕಾರ್ಯ ಅಥವಾ ಮನಶ್ಶಾಸ್ತ್ರದ ಸ್ನಾತಕೋತ್ತರ ಪದವಿ ಸೂಕ್ತ. ಗುಲಬರ್ಗಾ ವಿಶ್ವವಿದ್ಯಾಲಯ ಮತ್ತು ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಎರಡನ್ನೂ ವಿಚಾರಿಸಿ. ಸಮಾಜಕಾರ್ಯವನ್ನು ಆರಿಸಿಕೊಂಡರೆ ವೈದ್ಯಕೀಯ ಮತ್ತು ಮನೋವೈದ್ಯಕೀಯ ವಿಭಾಗದ ಕ್ಷೇತ್ರಕಾರ್ಯವನ್ನೇ ಕೇಳಿ ಪಡೆಯಿರಿ. 2021ರ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗದ ಕಾಯ್ದೆಯ ಅನುಸೂಚಿಯಲ್ಲಿ ಕಲೆ ಮತ್ತು ನೃತ್ಯ ಚಿಕಿತ್ಸಕರ ಜೊತೆಗೆ ರಿಕ್ರಿಯೇಷನಲ್ ಥೆರಪಿಸ್ಟ್ ಎಂಬ ಹೆಸರೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 29ನೆಯ ಕಲಂ ಸಂಸ್ಕೃತಿ ಮತ್ತು ಮನರಂಜನೆಯನ್ನು ಹಕ್ಕಿನ ವಿಷಯವಾಗಿಯೇ ಹೇಳುತ್ತದೆ. ತಂದೆಯವರಿಗೆ ಇವೆರಡನ್ನೂ ತೋರಿಸಿ. ಆದರೆ ವಾರಾಂತ್ಯದ ಆನ್‌ಲೈನ್ ಸರ್ಟಿಫಿಕೇಟ್ ಕೊಟ್ಟು ಥೆರಪಿಸ್ಟ್ ಮಾಡುತ್ತೇವೆ ಎನ್ನುವವರಿಗೆ ದಯವಿಟ್ಟು ಹಣ ಕಟ್ಟಬೇಡಿ.

ಬೀದರ್ ಮೂಲದವಳು, ಈಗ ಅಮೆರಿಕದಲ್ಲಿ

ನಾನು ಇಲ್ಲಿನ ಪುನರ್ವಸತಿ ಆಸ್ಪತ್ರೆಯೊಂದರಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ಇಲ್ಲಿ ಈ ವೃತ್ತಿಗೆ ಪ್ರಮಾಣಪತ್ರ ಕೊಡುವುದು 1981ರಲ್ಲಿ ಸ್ಥಾಪನೆಯಾದ ಎನ್‌ಸಿಟಿಆರ್‌ಸಿ ಎಂಬ ಮಂಡಳಿ. ಪದವಿಯ ಜೊತೆಗೆ, ಪ್ರಮಾಣಪತ್ರ ಪಡೆದ ಥೆರಪಿಸ್ಟರ ಮೇಲ್ವಿಚಾರಣೆಯಲ್ಲಿ ಕನಿಷ್ಠ 14 ವಾರ, 560 ಗಂಟೆಗಳ ಇಂಟರ್ನ್‌ಶಿಪ್ ಮುಗಿಸಿ ಪರೀಕ್ಷೆ ಬರೆಯಬೇಕು. ಐದು ವರ್ಷಕ್ಕೊಮ್ಮೆ ಅದನ್ನು ನವೀಕರಿಸಿಕೊಳ್ಳಬೇಕು. ಅಂಗರಚನೆ ಮತ್ತು ಶರೀರಕ್ರಿಯೆ, ಅಪಸಾಮಾನ್ಯ ಮನಶ್ಶಾಸ್ತ್ರ (ಮಾನಸಿಕ ಅಸ್ವಸ್ಥತೆಗಳ ಅಧ್ಯಯನ), ಹುಟ್ಟಿನಿಂದ ಮುಪ್ಪಿನವರೆಗಿನ ಮಾನವ ಬೆಳವಣಿಗೆ, ಈ ಮೂರನ್ನು ಓದದೆ ಮುಂದೆ ಹೋಗುವಂತಿಲ್ಲ. ನೀವು ವಿದೇಶಕ್ಕೆ ಬರದಿದ್ದರೂ ಈ ಮೂರನ್ನು ಈ ವರ್ಷವೇ ಓದಲು ತೊಡಗಿರಿ, ಏಕೆಂದರೆ ಕಲಾ ವಿಭಾಗದಿಂದ ಬಂದವರು ಸಾಮಾನ್ಯವಾಗಿ ಎಡವುವುದು ಶರೀರಕ್ರಿಯೆಯಲ್ಲಿ.

ಸಾಧನಗಳಿಗಾಗಿ ದೂರ ಹೋಗಬೇಕಾಗಿಲ್ಲ. ಅಳಗುಳಿಮಣೆ, ಬೀಸುಕಲ್ಲಿನ ಪದ, ಕೋಲಾಟ, ಕೌದಿ ಹೊಲಿಗೆ ನಮ್ಮಲ್ಲಿಯೇ ಇವೆ. ಒಂದೊಂದನ್ನೂ ನೀವು ಚೌಕಾಬಾರದ ಹಾಗೆ ಬಿಡಿಸಿ ನೋಡಬೇಕು. ಕೌದಿಗೆ ಎರಡು ಕೈಗಳೂ ಬೇಕು, ಕುಳಿತಲ್ಲೇ ಮಾಡಬಹುದು, ಆದರೆ ಸೂಜಿಯ ಅಪಾಯವಿದೆ. ಕೈಗೆ ಸ್ಪರ್ಶಜ್ಞಾನ ಕಡಿಮೆಯಾದವರಿಗೆ ಅದನ್ನು ಕೊಡಬಾರದು. ಇಂಥ ವಿಶ್ಲೇಷಣೆಯೇ ನಮ್ಮ ದಿನನಿತ್ಯದ ಕೆಲಸ.

ಸೇಡಂ ವಿದ್ಯಾರ್ಥಿನಿ

ಅಣ್ಣಾವರೆ, ಅಕ್ಕಾವರೆ, ಇಬ್ಬರಿಗೂ ಕೃತಜ್ಞಳಾಗಿದ್ದೇನೆ. ಮೊದಲ ಉತ್ತರವನ್ನು ಅಪ್ಪನಿಗೆ ಓದಿ ಹೇಳಿದೆ. "ಹಂಗಾದ್ರ ಆಯಿಗೆ ನೀ ಏನ್ ಬರದಿಟ್ಟೀ?" ಎಂದು ಕೇಳಿದರು. ನಾನು ಏನನ್ನೂ ಬರೆದಿಟ್ಟಿಲ್ಲ. ಈಗಲಾದರೂ ಹೇಗೆ ಆರಂಭಿಸಲಿ?

ಆಕ್ಯುಪೇಷನಲ್ ಥೆರಪಿಸ್ಟ್, ಯಾದಗಿರಿ

ಇಂದೇ ಒಂದು ನೂರು ಪುಟದ ನೋಟ್‌ಬುಕ್ ತಂದು ಆರಂಭಿಸಿರಿ. ದಿನಾಂಕ, ಆಯಿ ಎಷ್ಟು ನಿಮಿಷ ಆಸರೆಯಿಲ್ಲದೆ ಕುಳಿತರು, ಬಲಗೈಯಿಂದ ಎಷ್ಟು ಸಲ ಕಾಯಿ ನಡೆಸಿದರು, ಗರ ಎಣಿಸುವಾಗ ಎಷ್ಟು ಬಾರಿ ನೆನಪಿಸಬೇಕಾಯಿತು, ಆಟ ನಿಲ್ಲಿಸಿದ್ದು ಅವರೋ ನೀವೋ, ಇಷ್ಟು ಸಾಕು. "ಖುಷಿಯಾಗಿದ್ದರು" ಎಂದು ಬರೆಯುವ ಬದಲು, ನಕ್ಕರೆ ನಕ್ಕರೆಂದು, ಏನಾದರೂ ಹೇಳಿದರೆ ಅವರದೇ ಮಾತಿನಲ್ಲಿ ಬರೆಯಿರಿ. ಬೇಸಿಗೆಯಲ್ಲಿ ನಮ್ಮ ಕಡೆಯ ಬಿಸಿಲು ಆರೋಗ್ಯವಂತರನ್ನೇ ಬಳಲಿಸುವುದರಿಂದ ಬೆಳಗಿನ ಹೊತ್ತೇ ಆಡಿಸಿ. ಲಕ್ವಾ ಆದ ಕಡೆಯ ತೋಳನ್ನು ಹಿಡಿದು ಎಳೆದು ಎಂದಿಗೂ ಎಬ್ಬಿಸಬೇಡಿ. ಭುಜದ ಕೀಲು ಸಡಿಲವಾಗಿರುವುದರಿಂದ ಅದು ಸ್ಥಾನ ತಪ್ಪುವ ಅಪಾಯವಿರುತ್ತದೆ. ನಾಲ್ಕು ವಾರಗಳ ಬರಹವನ್ನು ನಿಮ್ಮ ಫಿಸಿಯೋಥೆರಪಿಸ್ಟರಿಗೆ ತೋರಿಸಿ, ಮುಂದಿನ ಗುರಿಯನ್ನು ಅವರ ಜೊತೆಗೆ ಆಯಿಯನ್ನೂ ಕೂರಿಸಿಕೊಂಡು ಬರೆಯಿರಿ.