ವಿಮಾನದಲ್ಲಿ ಅಪ್ಪನನ್ನು ತಳ್ಳಿದವನು ಆರಾಮಾಗಿ ಇಳಿದು ಹೋದ, ದೂರು ಕೊಟ್ಟರೆ ಕೂಪನ್ ಬಂತು

ತೀರ್ಥಹಳ್ಳಿ_ಮಗಳು:
ಹೋದ ತಿಂಗಳು ಅಪ್ಪ ಅಮ್ಮ ದೆಹಲಿಯಿಂದ ಬೆಂಗಳೂರಿಗೆ ಬರುತ್ತಿದ್ದರು. ಹಿಂದಿನ ಸೀಟಿನವನು ಚೆನ್ನಾಗಿ ಕುಡಿದಿದ್ದ. ಸೀಟು ಒದೆಯುತ್ತಲೇ ಇದ್ದ, ಅಪ್ಪ ತಿರುಗಿ ಕೇಳಿದ್ದಕ್ಕೆ ಬಾಯಿಗೆ ಬಂದ ಹಾಗೆ ಬೈದು ಭುಜ ಹಿಡಿದು ತಳ್ಳಿದ. ಸಿಬ್ಬಂದಿ ಅಪ್ಪ ಅಮ್ಮನನ್ನೇ ಎಬ್ಬಿಸಿ ಬೇರೆ ಕಡೆ ಕೂರಿಸಿದರು. ಕಂಪನಿಗೆ ಬರೆದರೆ ಎರಡು ಸಾಲಿನ ವಿಷಾದ, ಮುಂದಿನ ಟಿಕೆಟ್‌ಗೆ ಒಂದು ಕೂಪನ್. ಅಪ್ಪನಿಗೆ ಎಪ್ಪತ್ತು ದಾಟಿದೆ. ಇಷ್ಟಕ್ಕೇ ಬಿಡಬೇಕಾ?

ಹೊಸನಗರದವ:
ಬಿಡಿ ಮಾರಾಯ್ರೆ, ದೊಡ್ಡ ಕಂಪನಿಗಳ ಜೊತೆ ಗುದ್ದಾಡಿ ಏನೂ ಸಿಗುವುದಿಲ್ಲ.

ಸಾಗರ_ಮಾಜಿ_ಕ್ರ್ಯೂ:
ಬಿಡಬೇಡಿ. ಕೆಲವು ವರ್ಷ ವಿಮಾನದ ಸಿಬ್ಬಂದಿಯಾಗಿ ಕೆಲಸ ಮಾಡಿದವಳು ನಾನು. ಸೀಟು ಬದಲಿಸಿದ್ದು ತಪ್ಪಲ್ಲ, ಮೇಲೆ ಹಾರುವಾಗ ಮೊದಲು ಇಬ್ಬರನ್ನೂ ದೂರ ಮಾಡಲೇಬೇಕು. ತಪ್ಪಿದ್ದು ಆಮೇಲೆ. ಪೈಲಟ್‌ಗೆ ತಿಳಿಸಿ, ಇಳಿದ ಕೂಡಲೇ ಅವನನ್ನು ಭದ್ರತೆಯವರಿಗೆ ಒಪ್ಪಿಸಬೇಕಿತ್ತು. ಇನ್ನೊಂದು ವಿಷಯ, ದೇಶದೊಳಗಿನ ವಿಮಾನದಲ್ಲಿ ಮದ್ಯ ಕೊಡುವುದೇ ಇಲ್ಲ. ಅಂದರೆ ಅವನು ಕುಡಿದೇ ಹತ್ತಿರಬೇಕು, ಇಲ್ಲವೇ ಕದ್ದು ತಂದಿರಬೇಕು. ಅಷ್ಟು ಕುಡಿದವನನ್ನು ಗೇಟಿನಲ್ಲೇ ಯಾಕೆ ತಡೆಯಲಿಲ್ಲ ಅಂತ ಕೇಳಿ.

ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎ 2017ರಲ್ಲಿ ತಂದ ನಿಯಮದಲ್ಲಿ ಮೂರು ಹಂತ ಇದೆ. ಬೈದರೆ 3 ತಿಂಗಳವರೆಗೆ ಹಾರಾಟ ನಿಷೇಧ, ಕೈ ಮಾಡಿದರೆ, ತಳ್ಳಿದರೆ 6 ತಿಂಗಳವರೆಗೆ, ಜೀವಕ್ಕೇ ಅಪಾಯ ತಂದರೆ ಕನಿಷ್ಠ 2 ವರ್ಷ. ತೀರ್ಮಾನ ಮಾಡುವುದು ನಿವೃತ್ತ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರಾಗಿರುವ ಸಮಿತಿ, 30 ದಿನದೊಳಗೆ. ಆದರೆ ಅದು ಶುರುವಾಗುವುದೇ ಪೈಲಟ್ ಕೊಟ್ಟ ದೂರಿನಿಂದ! ಅದಿಲ್ಲದಿದ್ದರೆ ನಿಮ್ಮ ಪತ್ರ ಕಸ್ಟಮರ್ ಕೇರ್‌ನಲ್ಲೇ ಸುತ್ತುತ್ತಿರುತ್ತದೆ, ಕೂಪನ್ ಬರುತ್ತದೆ. ಹಾಗಾಗಿ ಪರಿಹಾರ ಆಮೇಲೆ ಕೇಳಿ, 'ಪೈಲಟ್ ದೂರು ಕೊಟ್ಟರಾ, ಸಮಿತಿಗೆ ಹೋಯಿತಾ' ಅಂತ ಮೊದಲು ಬರಹದಲ್ಲಿ ಕೇಳಿ.

ಶಿವಮೊಗ್ಗ_ವಕೀಲ:
ಅವರು ಹೇಳಿದ್ದು ಸರಿ. ಅದೇ ಪ್ರಶ್ನೆಯನ್ನು ಕಂಪನಿಯಲ್ಲಿ ದೂರು ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ ಕಳಿಸಿ, ಉತ್ತರ ಬರದಿದ್ದರೆ ವಿಮಾನಯಾನ ಸಚಿವಾಲಯದ ದೂರು ತಾಣ ಏರ್‌ಸೇವಾದಲ್ಲಿ ಹಾಕಿ. ಅಲ್ಲೂ ಆಗದಿದ್ದರೆ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೂರುದಾರರು ಇರುವ ಊರಿನಲ್ಲೇ ಕೇಸು ಹಾಕಬಹುದು, ದೆಹಲಿ ಬೆಂಗಳೂರು ಅಂತ ಅಲೆಯಬೇಕಿಲ್ಲ, ಶಿವಮೊಗ್ಗದಲ್ಲೇ ಆಗುತ್ತದೆ. ಎರಡು ವರ್ಷ ಸಮಯ ಇದೆ. ಕೂಪನ್ ಮಾತ್ರ ಬಳಸಬೇಡಿ, ಅಲ್ಲಿಗೆ ವಿಷಯ ಮುಗಿಯಿತು ಅಂತ ವಾದ ಮಾಡುತ್ತಾರೆ.

ತೀರ್ಥಹಳ್ಳಿ_ಮಗಳು:
ತುಂಬಾ ಥ್ಯಾಂಕ್ಸ್. ಪಕ್ಕದಲ್ಲಿ ಕೂತಿದ್ದವರ ನಂಬರ್ ಅಪ್ಪನ ಹತ್ತಿರ ಇದೆ, ಅದು ಉಪಯೋಗಕ್ಕೆ ಬರುತ್ತದಾ?

ಶಿವಮೊಗ್ಗ_ವಕೀಲ:
ಖಂಡಿತ. ಕಂಡದ್ದನ್ನು ಬರೆದು ಸಹಿ ಹಾಕಿ ಕಳಿಸಲು ಇವತ್ತೇ ಕೇಳಿ. ಬೋರ್ಡಿಂಗ್ ಪಾಸ್ ಎಸೆಯಬೇಡಿ.