ಉದ್ಯಮಶೀಲತಾ ಕೋರ್ಸಿನ ಸಂದರ್ಶನಕ್ಕೆ ಹಾಳೆತಟ್ಟೆಯ ಯೋಜನೆ ಸಾಕಾಗುವುದೇ?

ಪೆರ್ಲದ ವಿದ್ಯಾರ್ಥಿನಿ:
ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಹತ್ತನೆಯ ತರಗತಿಯವರೆಗೆ ಕಲಿತದ್ದು ಕನ್ನಡ ಮಾಧ್ಯಮದಲ್ಲಿ. ಅಹಮದಾಬಾದಿನ ಭಾರತೀಯ ಉದ್ಯಮಶೀಲತಾ ಅಭಿವೃದ್ಧಿ ಸಂಸ್ಥೆಯ (ಇಡಿಐಐ) ಎರಡು ವರ್ಷಗಳ ಉದ್ಯಮಶೀಲತಾ ಸ್ನಾತಕೋತ್ತರ ಡಿಪ್ಲೊಮಾಕ್ಕೆ ಅರ್ಜಿ ಹಾಕಿದ್ದು, ಈಗ ಸಂದರ್ಶನಕ್ಕೆ ಸಿದ್ಧಳಾಗಬೇಕಾಗಿದೆ. ಅಡಿಕೆ ಹಾಳೆಯ ತಟ್ಟೆ ತಯಾರಿಸುವ ಘಟಕವೊಂದನ್ನು ನಮ್ಮ ಊರಿನಲ್ಲೇ ಆರಂಭಿಸಬೇಕೆಂಬುದು ನನ್ನ ಆಸೆ. ಆದರೆ ಇದು ತೀರಾ ಹಳೆಯ ಯೋಚನೆ, ಆ್ಯಪ್ ಅಥವಾ ತಂತ್ರಜ್ಞಾನದ ಯಾವುದಾದರೂ ಯೋಜನೆಯನ್ನು ಹೇಳುವುದೇ ಒಳ್ಳೆಯದು ಎಂದು ಗೆಳತಿಯರು ಹೇಳುತ್ತಿದ್ದಾರೆ. ಇಂಗ್ಲಿಷಿನಲ್ಲಿ ತಡವರಿಸುತ್ತೇನೆಂಬ ಅಳುಕೂ ಇದೆ. ಅನುಭವಿಗಳು ದಯವಿಟ್ಟು ತಿಳಿಸಿ.

ನಿವೃತ್ತ ವಾಣಿಜ್ಯ ಅಧ್ಯಾಪಕ, ಕುಂಬಳೆ:
ಹಾಳೆತಟ್ಟೆಯನ್ನು ಬಿಡಬೇಡಿ. ಯೋಚನೆ ಹೊಸದೇ ಎಂಬುದಕ್ಕಿಂತ, ಅದರ ಒಳಹೊರಗನ್ನು ಅಭ್ಯರ್ಥಿ ಎಷ್ಟು ಬಲ್ಲಳು ಎಂಬುದನ್ನೇ ಇಂತಹ ಸಂದರ್ಶನಗಳಲ್ಲಿ ಕೆದಕಿ ಕೇಳುತ್ತಾರೆ. ನೀವು ಕಾಣದ ಊರಿನ, ಬಳಸದ ಆ್ಯಪಿನ ಬಗ್ಗೆ ಹೇಳಹೊರಟರೆ ಎರಡನೆಯ ಪ್ರಶ್ನೆಗೇ ಮಾತು ನಿಲ್ಲುತ್ತದೆ.

ನಾನು ಪರೀಕ್ಷಕನಾಗಿದ್ದರೆ ದುಡಿಯುವ ಬಂಡವಾಳದ, ಅಂದರೆ ದಿನನಿತ್ಯದ ವ್ಯವಹಾರ ನಡೆಸಲು ಬೇಕಾದ ಹಣದ ಪ್ರಶ್ನೆಯಿಂದಲೇ ಆರಂಭಿಸುತ್ತಿದ್ದೆ. ಒಳ್ಳೆಯ ಒಣ ಹಾಳೆ ಸಿಗುವುದು ಬೇಸಿಗೆಯಲ್ಲಿ. ಮಳೆ ತಾಗಿತೆಂದರೆ ಬೂಸ್ಟು ಹಿಡಿದು, ಕಪ್ಪು ಕಲೆ ಬಿದ್ದು, ತಟ್ಟೆಗೆ ಬೆಲೆಯಿಲ್ಲದಂತಾಗುತ್ತದೆ. ಆದ್ದರಿಂದ ವರ್ಷಕ್ಕೆ ಬೇಕಾದ ಹಾಳೆಯನ್ನು ಕೆಲವೇ ತಿಂಗಳುಗಳಲ್ಲಿ ಹಣ ಕೊಟ್ಟು ಕೊಂಡು, ಒಣಗಿಸಿ, ಮಾಡಿನಡಿಯಲ್ಲಿ ಅಟ್ಟಿ ಹಾಕಿಡಬೇಕಾಗುತ್ತದೆ. ತಟ್ಟೆಗೆ ಬೇಡಿಕೆಯಾದರೋ ಮದುವೆ, ಉಪನಯನ, ಜಾತ್ರೆಗಳ ಕಾಲದಲ್ಲಿ ಹೆಚ್ಚು. ಶುಭಕಾರ್ಯಗಳಿಲ್ಲದ ಆಟಿ ತಿಂಗಳಲ್ಲಿ ವ್ಯಾಪಾರ ಕುಗ್ಗಿದರೂ ಸಾಲದ ಕಂತು, ಕೆಲಸದವರ ಸಂಬಳ ನಿಲ್ಲುವುದಿಲ್ಲ. ಕೈಯಿಂದ ಹೋದ ಹಣ ಎಷ್ಟು ತಿಂಗಳ ಬಳಿಕ ಮರಳಿ ಕೈಗೆ ಬರುತ್ತದೆ ಎಂಬುದನ್ನು ತಿಂಗಳುವಾರು ಬರೆದು ನೋಡಿಕೊಳ್ಳಿ. ಒಂದು ಹಾಳೆಯಿಂದ ಎಷ್ಟು ತಟ್ಟೆ ಬರುತ್ತದೆ, ಅಂಚು ಸೀಳಿ ಹಾಳಾಗುವುದೆಷ್ಟು, ಅಚ್ಚು ಕಾಯಿಸಲು ತಗಲುವ ವಿದ್ಯುತ್ತೆಷ್ಟು ಎಂಬ ಲೆಕ್ಕವನ್ನು ಯಾವುದಾದರೂ ಘಟಕಕ್ಕೆ ಹೋಗಿ ಕಣ್ಣಾರೆ ಕಂಡು ತೆಗೆಯಬೇಕೇ ಹೊರತು ಅಂತರ್ಜಾಲದಲ್ಲಿ ಸಿಗುವ ಯೋಜನಾ ವರದಿಯಿಂದ ನಕಲು ಮಾಡಬಾರದು.

ಮುಳ್ಳೇರಿಯದವರು, ಇಂತಹದೇ ಕೋರ್ಸು ಮುಗಿಸಿದವರು:
ಮೇಷ್ಟ್ರ ಮಾತಿಗೆ ಒಂದು ವಿಷಯ ಸೇರಿಸಲೇಬೇಕು. ಅಡಿಕೆಯಲ್ಲಿರುವ ಆಲ್ಕಲಾಯ್ಡುಗಳೆಂಬ ರಾಸಾಯನಿಕಗಳು ಆಹಾರಕ್ಕೆ ಸೇರಬಹುದೆಂಬ ಕಾರಣ ನೀಡಿ 2025ರ ಮೇ ತಿಂಗಳಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಹಾಳೆತಟ್ಟೆಯ ಆಮದಿನ ಮೇಲೆ ಎಚ್ಚರಿಕೆ ಹೊರಡಿಸಿತು. ರಫ್ತನ್ನೇ ನಂಬಿದ್ದ ಘಟಕಗಳಿಗೆ ಇದು ದೊಡ್ಡ ಹೊಡೆತ. ಪರೀಕ್ಷಕರು ಕೇಳಲಿ ಎಂದು ಕಾಯದೆ ಇದನ್ನು ನೀವೇ ಪ್ರಸ್ತಾಪಿಸಿ, ನಿಮ್ಮ ಮೊದಲ ಗಿರಾಕಿಗಳು ಯಾರು, ಊರಿನ ಅಡುಗೆಯವರೇ, ಸಭಾಭವನದವರೇ, ಮಂಗಳೂರಿನ ಅಂಗಡಿಯವರೇ ಎಂಬುದನ್ನು ವಿವರಿಸಿ. ತನ್ನ ಯೋಜನೆಯ ದುರ್ಬಲ ಜಾಗವನ್ನು ಬಲ್ಲವಳೆಂಬ ನಂಬಿಕೆ ಅಲ್ಲಿಯೇ ಹುಟ್ಟುತ್ತದೆ.

ಮೆಚ್ಚಿನ ಉದ್ಯಮಿ ಯಾರೆಂದು ಕೇಳುವುದೂ ವಾಡಿಕೆ. ಎಲ್ಲರೂ ಹೇಳುವ ಹೆಸರುಗಳನ್ನು ಬಿಟ್ಟು ವಾರಣಾಶಿ ಸುಬ್ರಾಯ ಭಟ್ಟರನ್ನು ನೆನೆಯಿರಿ. ಅಡಿಕೆಯ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಿದ್ದಾಗ, 1973ರಲ್ಲಿ, ಕರ್ನಾಟಕ ಮತ್ತು ಕೇರಳದ ಕೃಷಿಕರನ್ನು ಕೂಡಿಸಿ ಕ್ಯಾಂಪ್ಕೊ ಎಂಬ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯನ್ನು ಕಟ್ಟಿದವರು ಅವರು. ಕೊಕ್ಕೊ ಕೊಳ್ಳುವವರಿಲ್ಲದ ಕಾಲ ಬಂದಾಗ ಆ ಸಹಕಾರಿ ಸಂಸ್ಥೆಯೇ ಖರೀದಿಗೆ ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೂ ತೆರೆಯಿತು. ಮಾರುಕಟ್ಟೆಯ ಸಂಕಟದಿಂದಲೇ ಉದ್ಯಮ ಹುಟ್ಟುವ ಬಗೆಗೆ ನಮ್ಮ ಗಡಿಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಕಾಣುವುದಿಲ್ಲ.

ಇಂಗ್ಲಿಷಿನ ಅಳುಕು ನಿಜವಾದದ್ದೇ, ಅದನ್ನು ಹಗುರವಾಗಿ ಕಾಣುವುದಿಲ್ಲ. ಉತ್ತರಗಳನ್ನು ಬಾಯಿಪಾಠ ಮಾಡುವ ಬದಲು, ಹಾಳೆ ಹೆಕ್ಕುವಲ್ಲಿಂದ ತಟ್ಟೆ ಕಟ್ಟುವವರೆಗಿನ ಕೆಲಸವನ್ನು ಇಂಗ್ಲಿಷಿನಲ್ಲಿ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಯಾರಿಗಾದರೂ ದಿನವೂ ವಿವರಿಸಿ. ಪ್ರಶ್ನೆ ತಿಳಿಯದಿದ್ದರೆ ಮತ್ತೊಮ್ಮೆ ಹೇಳುವಂತೆ ಕೇಳಿಕೊಳ್ಳುವುದರಲ್ಲಿ ತಪ್ಪಿಲ್ಲ. ಕನ್ನಡ, ತುಳು, ಮಲಯಾಳಗಳಲ್ಲಿ ವ್ಯವಹರಿಸಬಲ್ಲೆನೆಂಬುದನ್ನು ಮಾತ್ರ ಹೇಳದೆ ಬರಬೇಡಿ. ಕಣ್ಣೂರಿಗೂ ಮಂಗಳೂರಿಗೂ ಸರಕು ಮಾರುವವರಿಗೆ ಅದು ದೊಡ್ಡ ಬಲ.

ಪೆರ್ಲದ ವಿದ್ಯಾರ್ಥಿನಿ:
ಇಬ್ಬರಿಗೂ ಕೃತಜ್ಞತೆಗಳು. ಬಂಡವಾಳ ಎಲ್ಲಿಂದ ತರುವಿರೆಂದು ಕೇಳಿದರೆ ಸರಕಾರದ ಸಬ್ಸಿಡಿ ಎಂದು ಹೇಳಬಹುದೇ?

ಹಾಳೆತಟ್ಟೆ ಘಟಕದವರು, ಬದಿಯಡ್ಕ:
ಸಬ್ಸಿಡಿ ಎಂದಷ್ಟೇ ಹೇಳಿದರೆ ಸಾಲದು. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ತಯಾರಿಕಾ ಘಟಕಕ್ಕೆ 50 ಲಕ್ಷ ರೂಪಾಯಿವರೆಗಿನ ಯೋಜನೆಗಳನ್ನು ಪರಿಗಣಿಸುತ್ತಾರೆ. ಗ್ರಾಮೀಣ ಪ್ರದೇಶದ ಮಹಿಳೆಯರು ಶೇ. 5ರಷ್ಟು ಸ್ವಂತ ಹಣ ಹಾಕಬೇಕು, ಶೇ. 35ರಷ್ಟು ಸಹಾಯಧನ ದೊರೆಯುತ್ತದೆ. ಆದರೆ ಆ ಸಹಾಯಧನ ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿ ಉಳಿದು, ಘಟಕ ನಡೆಯುತ್ತಿದ್ದರೆ ಮಾತ್ರ ಸಾಲಕ್ಕೆ ಜಮೆಯಾಗುತ್ತದೆ. ಹಾಳೆ ಕೊಳ್ಳಲು ಅದು ಕೈಗೆ ಸಿಗುವುದಿಲ್ಲ. ಈ ವ್ಯತ್ಯಾಸವನ್ನು ಬಿಡಿಸಿ ಹೇಳಿದರೆ ಮೇಲೆ ಮೇಷ್ಟ್ರು ಕೇಳಿದ ಪ್ರಶ್ನೆಗೂ ಉತ್ತರ ಕೊಟ್ಟಂತಾಗುತ್ತದೆ.

ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿಯೂ ಒಮ್ಮೆ ವಿಚಾರಿಸಿ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ (ಸಿಪಿಸಿಆರ್‌ಐ) ಕೃಷಿ ಉದ್ಯಮಗಳಿಗೆ ತರಬೇತಿ ಮತ್ತು ನೆರವು ನೀಡುವ ವ್ಯವಸ್ಥೆಯಿದೆ, ತೆಂಗಿನ ಚಿಪ್ಸ್, ತೆಂಗಿನ ಹೊಂಬಾಳೆಯಿಂದ ಇಳಿಸುವ ಕಲ್ಪರಸದಂತಹ ಉತ್ಪನ್ನಗಳು ಅಲ್ಲಿಯ ಸಂಶೋಧನೆಯಿಂದಲೇ ಬಂದವು. ನಮ್ಮ ಘಟಕವನ್ನು ನೋಡಲು ಬರುವುದಾದರೆ ಬೆಳಗ್ಗೆ ಬೇಗ ಬನ್ನಿ, ಹಾಳೆ ನೆನೆಹಾಕಿ ತಿಕ್ಕಿ ತೊಳೆಯುವಲ್ಲಿಂದ ಎಲ್ಲವನ್ನೂ ತೋರಿಸುತ್ತೇವೆ, ಲೆಕ್ಕದ ಪುಸ್ತಕವನ್ನೂ ನೋಡಬಹುದು.