1998ರ ನೇಮಕಾತಿ, ಓದಿದ್ದು ಟಿಸಿಎಚ್ (ಶಿಕ್ಷಕರ ತರಬೇತಿ). ನಾನೂ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಬರೆಯಲೇಬೇಕಾ?

ರೋಣದ ಅಕ್ಕೋರು:

ಎಲ್ಲರಿಗೂ ನಮಸ್ಕಾರ. ಗದಗ ಜಿಲ್ಲೆ ರೋಣ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಸಹಶಿಕ್ಷಕಿ. ಹುಟ್ಟಿದ್ದು 1975. ಪಿಯುಸಿ ಆದ ಮೇಲೆ ಟಿಸಿಎಚ್ ಮಾಡಿ 1998ರಲ್ಲಿ ನೌಕರಿಗೆ ಸೇರಿದೆ. ನೌಕರಿ ಮಾಡುತ್ತಲೇ ಹೊರಗಿನಿಂದ ಪರೀಕ್ಷೆ ಕಟ್ಟಿ ಬಿಎ ಮುಗಿಸಿದೆ. ಆದೇಶದ ಪ್ರಕಾರ ನಾನು 1ರಿಂದ 5ರವರೆಗಿನ ಟೀಚರ್. ಆದರೆ ಶಿಕ್ಷಕರ ಕೊರತೆ ಇರುವುದರಿಂದ 6 ಮತ್ತು 7ನೇ ತರಗತಿಗೆ ಸಮಾಜ ವಿಜ್ಞಾನವೂ ನನ್ನದೇ. ಬೆಳಿಗ್ಗೆ ನಲಿ-ಕಲಿ, ಮಧ್ಯಾಹ್ನ ಚಾಲುಕ್ಯರು.

ಕೆಲಸದಲ್ಲಿರುವ ಶಿಕ್ಷಕರೂ ಟಿಇಟಿ ಪಾಸಾಗಬೇಕು ಅಂತ 2025ರ ಸೆಪ್ಟೆಂಬರ್ 1ಕ್ಕೆ ಸುಪ್ರೀಂ ಕೋರ್ಟ್ ತೀರ್ಪು ಬಂದಾಗಿನಿಂದ ನಮ್ಮ ಸ್ಟಾಫ್ ರೂಮಿನಲ್ಲಿ ಬೇರೆ ಮಾತೇ ಇಲ್ಲ. ಒಬ್ಬರು 2010ಕ್ಕಿಂತ ಮುಂಚೆ ಸೇರಿದವರಿಗೆ ಸಂಬಂಧ ಇಲ್ಲ ಅನ್ನುತ್ತಾರೆ. ಇನ್ನೊಬ್ಬರು ಎರಡು ವರ್ಷದಲ್ಲಿ ಪಾಸಾಗದಿದ್ದರೆ ಮನೆಗೆ ಅನ್ನುತ್ತಾರೆ. ಮೂರನೆಯವರು ಸಂಘದವರು ನೋಡಿಕೊಳ್ಳುತ್ತಾರೆ, ಸುಮ್ನಿರಿ ಅನ್ನುತ್ತಾರೆ. ವಾಟ್ಸಾಪಿನಲ್ಲಿ ಟಿಇಟಿ ಇಲ್ಲದವರ ಇನ್‌ಕ್ರಿಮೆಂಟ್ ನಿಲ್ಲುತ್ತದೆ ಅಂತ ಬೇರೆ ಓಡಾಡುತ್ತಿದೆ. ಸಿಟ್ಟು ಬರುತ್ತದೆ. ನನಗೆ ಕಲಿಸೋಕೆ ಬರುತ್ತಾ ಅಂತ ಯಾರಿಗಾದರೂ ಅನುಮಾನ ಇದ್ದರೆ ನನ್ನ ಒಂದನೇ ತರಗತಿಯಲ್ಲಿ ಅರ್ಧ ದಿನ ಬಂದು ಕೂರಲಿ. ಇಷ್ಟು ವರ್ಷ ಆದ ಮೇಲೆ ಒಎಂಆರ್ ಶೀಟಿನಲ್ಲಿ ಗೋಲಿ ತುಂಬಿಸಿ ಅದನ್ನು ತೋರಿಸಬೇಕಾ?

ಸಿಟ್ಟು ಪಕ್ಕಕ್ಕಿರಲಿ. ನನಗೆ ಬೇಕಾಗಿರುವುದು ನೇರ ಉತ್ತರ. ನಾನು ಬರೆಯಬೇಕಾ, ಬೇಡವಾ? ಬರೆಯಬೇಕಾದರೆ ಯಾವ ಪೇಪರ್? ಟಿಸಿಎಚ್ ಈಗಲೂ ನಡೆಯುತ್ತಾ, ಇಲ್ಲಾ ಮತ್ತೆ ಡಿ.ಎಲ್.ಎಡ್ ಮಾಡು ಅಂತಾರಾ? ಕೊನೆಯದಾಗಿ, ಒಮ್ಮೆ ಪಾಸಾದರೆ ಮುಗಿಯಿತಾ, ಏಳು ವರ್ಷಕ್ಕೊಮ್ಮೆ ಮತ್ತೆ ಬರೆಯಬೇಕಾ? ದಸರಾ ರಜೆಯೆಲ್ಲ ಸಮೀಕ್ಷೆಗೆ ಮನೆಮನೆ ತಿರುಗುವುದರಲ್ಲೇ ಹೋಯಿತು, ಪುಸ್ತಕ ಮುಟ್ಟಿಲ್ಲ.

ಹಾವೇರಿ ಮಾಸ್ತರ:

2010ಕ್ಕಿಂತ ಮುಂಚಿನವರಿಗೆ ಟಿಇಟಿ ಇಲ್ಲ ರೀ ಅಕ್ಕೋರೆ. ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು) ಆದೇಶದಲ್ಲೇ ಇದೆ. ಆರಾಮಾಗಿ ಇರ್ರಿ.

ಸಿಆರ್‌ಪಿ ಕಡೂರು:

ಮಾಸ್ತರರು ಹೇಳಿದ್ದು ಆಗಸ್ಟ್ ತನಕ ಸರಿ ಇತ್ತು. ಈಗ ಇಲ್ಲ. ತೀರ್ಪಿನ ಪ್ರತಿ ಎದುರಿಗಿಟ್ಟುಕೊಂಡೇ ಬರೆಯುತ್ತಿದ್ದೇನೆ. ನಾನೂ ಬರೆಯಬೇಕಾದವನೇ, ಹಾಗಾಗಿ ಒಂದು ಸಾಲೂ ಬಿಟ್ಟಿಲ್ಲ.

ಮೊದಲು ಹಳೆಯ ಕಥೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 23ನೇ ಸೆಕ್ಷನ್ ಶಿಕ್ಷಕರ ಕನಿಷ್ಠ ಅರ್ಹತೆ ಏನು ಅಂತ ಹೇಳುವ ಅಧಿಕಾರವನ್ನು ಎನ್‌ಸಿಟಿಇಗೆ ಕೊಟ್ಟಿತು. ಎನ್‌ಸಿಟಿಇ 2010ರ ಆಗಸ್ಟ್ 23ರಂದು ಅಧಿಸೂಚನೆ ಹೊರಡಿಸಿ, 1ರಿಂದ 8ನೇ ತರಗತಿಗೆ ಕಲಿಸುವವರು ಟಿಇಟಿ ಪಾಸಾಗಿರಬೇಕು ಅಂದಿತು. ಅದರಲ್ಲೇ, ಆ ತಾರೀಕಿಗಿಂತ ಮುಂಚೆ ನಿಯಮದ ಪ್ರಕಾರ ನೇಮಕ ಆದವರಿಗೆ ವಿನಾಯಿತಿಯೂ ಇತ್ತು. ಹಾವೇರಿ ಮಾಸ್ತರರು ಹೇಳುತ್ತಿರುವುದು ಅದನ್ನೇ.

ಆಮೇಲೆ 2017ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. 2015ರ ಮಾರ್ಚ್ 31ಕ್ಕೆ ಕೆಲಸದಲ್ಲಿದ್ದು ಕನಿಷ್ಠ ಅರ್ಹತೆ ಇಲ್ಲದವರು 2019ರ ಮಾರ್ಚ್ ಒಳಗೆ ಅದನ್ನು ಪಡೆಯಬೇಕು ಅಂತ. ಆಗ ನಾವೆಲ್ಲ ಅದು ತರಬೇತಿ ಇಲ್ಲದ ಶಿಕ್ಷಕರಿಗೆ ಮಾತ್ರ ಅಂದುಕೊಂಡೆವು. ಖಾಸಗಿ ಶಾಲೆಗಳ ಎಷ್ಟೋ ಜನ ಎನ್‌ಐಒಎಸ್ ಮೂಲಕ ಡಿ.ಎಲ್.ಎಡ್ ಮಾಡಿಕೊಂಡಿದ್ದು ಅದೇ ಹೊತ್ತಿನಲ್ಲಿ. ಈಗ 2025ರ ಸೆಪ್ಟೆಂಬರ್ 1ರ ತೀರ್ಪಿನಲ್ಲಿ ನ್ಯಾಯಮೂರ್ತಿಗಳಾದ ದೀಪಂಕರ್ ದತ್ತಾ ಮತ್ತು ಆಗಸ್ಟಿನ್ ಜಾರ್ಜ್ ಮಸೀಹ್ ಅವರು ಟಿಇಟಿಯೂ ಕನಿಷ್ಠ ಅರ್ಹತೆಯೇ, ಹಳಬರಿಗೂ ಅನ್ವಯಿಸುತ್ತದೆ ಅಂದಿದ್ದಾರೆ. ಅಧಿಸೂಚನೆಗಿಂತ ಕಾಯ್ದೆ ದೊಡ್ಡದು. ಹಾಗಾಗಿ 2010ರ ವಿನಾಯಿತಿಯ ಮೇಲೆ ಈಗ ಭರವಸೆ ಇಡುವಂತಿಲ್ಲ.

ಆದರೆ ಹಳಬರನ್ನು ಎರಡು ಗುಂಪು ಮಾಡಿದ್ದಾರೆ. ತೀರ್ಪಿನ ದಿನಕ್ಕೆ ಸೇವೆ ಐದು ವರ್ಷಕ್ಕಿಂತ ಕಡಿಮೆ ಉಳಿದಿದ್ದವರು ಟಿಇಟಿ ಇಲ್ಲದೆಯೇ ನಿವೃತ್ತಿವರೆಗೆ ಇರಬಹುದು, ಬಡ್ತಿ ಮಾತ್ರ ಕೇಳುವಂತಿಲ್ಲ. ಐದು ವರ್ಷಕ್ಕಿಂತ ಜಾಸ್ತಿ ಉಳಿದವರಿಗೆ ಎರಡು ವರ್ಷ ಗಡುವು. ನಮ್ಮಲ್ಲಿ ನಿವೃತ್ತಿ 60ಕ್ಕೆ, ಆ ತಿಂಗಳ ಕೊನೆಯ ದಿನ. ಲೆಕ್ಕ ಹಾಕಿದರೆ 1970ರ ಆಗಸ್ಟ್ ಒಳಗೆ ಹುಟ್ಟಿದವರು ಪಾರು. ಮೇಡಂ, ನೀವು 1975. ನಿವೃತ್ತಿ 2035. ಅಂದರೆ ನೀವು ಬರೆಯಬೇಕು, 2027ರ ಸೆಪ್ಟೆಂಬರ್ 1ರೊಳಗೆ ಪಾಸಾಗಬೇಕು.

ಆಗದಿದ್ದರೆ? ಕೆಲಸ ಬಿಡಬೇಕು, ಇಲ್ಲವೇ ಕಡ್ಡಾಯ ನಿವೃತ್ತಿ ಕೊಡುತ್ತಾರೆ. ಬರಬೇಕಾದ ನಿವೃತ್ತಿ ಸೌಲಭ್ಯ ಸಿಗುತ್ತದೆ, ಅದಕ್ಕೆ ಬೇಕಾದಷ್ಟು ಸೇವೆ ಆಗಿರಬೇಕು ಅಷ್ಟೇ. ನೀವು 2006ರ ಏಪ್ರಿಲ್‌ಗಿಂತ ಮುಂಚೆ ಸೇರಿದವರು, ಹಳೆಯ ಪಿಂಚಣಿ ಇದೆ. ನಾನು ಎನ್‌ಪಿಎಸ್‌ (ಹೊಸ ಪಿಂಚಣಿ ಯೋಜನೆ) ನವನು, ನನ್ನ ಹೊಟ್ಟೆಯಲ್ಲಿ ಇನ್ನೂ ಜಾಸ್ತಿ ಬೆಂಕಿ. ಇನ್‌ಕ್ರಿಮೆಂಟ್ ನಿಲ್ಲುತ್ತದೆ ಅನ್ನುವ ಮಾತು ತೀರ್ಪಿನಲ್ಲಿ ಎಲ್ಲೂ ಇಲ್ಲ.

ಕೆಲವು ರಾಜ್ಯಗಳು ಮರುಪರಿಶೀಲನೆಗೆ ಅರ್ಜಿ ಹಾಕಿವೆ, ಸಂಘಗಳೂ ಓಡಾಡುತ್ತಿವೆ. ಓಡಾಡಲಿ, ನಾನೂ ಚಂದಾ ಕೊಟ್ಟಿದ್ದೇನೆ. ಆದರೆ ಅದನ್ನು ನಂಬಿ ಒಂದು ಪರೀಕ್ಷೆ ತಪ್ಪಿಸಿಕೊಂಡರೆ ಮುಂದಿನದು ಯಾವಾಗ ಅಂತ ಕಾಯಬೇಕು. ಗಡುವಿನೊಳಗೆ ನಮಗೆ ಸಿಗುವ ಅವಕಾಶ ಬೆರಳೆಣಿಕೆಯಷ್ಟು.

ಟಿಸಿಎಚ್ ಬಗ್ಗೆ ಚಿಂತೆ ಬಿಡಿ. ಟಿಸಿಎಚ್, ಡಿ.ಎಡ್, ಡಿ.ಎಲ್.ಎಡ್ ಎಲ್ಲ ಅದೇ ಎರಡು ವರ್ಷದ ಡಿಪ್ಲೊಮಾ. ಮತ್ತೆ ಮಾಡುವುದೇನೂ ಇಲ್ಲ. ಏಳು ವರ್ಷದ ಮಾತೂ ಹಳೆಯದು. 2021ರಲ್ಲಿ ಕೇಂದ್ರ ಅದನ್ನು ತೆಗೆದು, 2011ರಿಂದ ಪಾಸಾದವರಿಗೆಲ್ಲ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ ಅಂತ ಮಾಡಿತು. ನವೀಕರಣ ಅಂತ ಏನೂ ಇಲ್ಲ. ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ವರ್ಷಕ್ಕೆ 50 ಗಂಟೆ ತರಬೇತಿ ಆಗಬೇಕು ಅಂತ ಇದೆ, ಅದು ಬೇರೆ ವಿಷಯ. ಅದಕ್ಕೂ ಟಿಇಟಿ ಪ್ರಮಾಣಪತ್ರಕ್ಕೂ ಗಂಟು ಹಾಕಬೇಡಿ.

ಮುಂದಿನ ವರ್ಷವೇ ನಿವೃತ್ತಿ:

ನಾನು ಪಾರಾದ ಗುಂಪಿನವನು. ಎಲ್ಲರೂ ಅಭಿನಂದನೆ ಹೇಳುತ್ತಿದ್ದಾರೆ! ಬಡ್ತಿ ಮುಖ್ಯೋಪಾಧ್ಯಾಯರ ಪಟ್ಟಿಯಲ್ಲಿ ನನ್ನ ಹೆಸರು ಮೇಲೆ ಬಂದಿತ್ತು. ಕೊನೆಯ ವರ್ಷವಾದರೂ ಹೆಡ್ ಮಾಸ್ತರ ಕುರ್ಚಿಯಲ್ಲಿ ಕೂತು ಬಿಸಿಯೂಟದ ಲೆಕ್ಕ ಬರೆಯೋಣ ಅಂದುಕೊಂಡಿದ್ದೆ. (ಆ ಲೆಕ್ಕ ಬರೆದವರಿಗೆ ಗೊತ್ತು, ಅದು ಆಸೆಪಡುವಂಥದ್ದಲ್ಲ. ಆದರೂ.) ಈಗ ಬಡ್ತಿ ಬೇಕಾದರೆ ಟಿಇಟಿ ಬರೆಯಿರಿ ಅನ್ನುತ್ತಾರೆ. ಹೆಂಡತಿ, "ಮೊಮ್ಮಗನ ಜೊತೆ ಕೂತು ಓದ್ರಿ" ಅಂದಳು. ನಾನು ಬರೆಯುವುದಿಲ್ಲ.

ಜಿಪಿಟಿ 2022:

ಅಕ್ಕಾ, ನಾನು 2022ರ ಪದವೀಧರ ಶಿಕ್ಷಕರ ನೇಮಕಾತಿಯಲ್ಲಿ ಬಂದವಳು, ಎರಡೂ ಪೇಪರ್ ಪಾಸಾಗಿದ್ದೇನೆ. ಕಾನೂನು ಸರ್ ಹೇಳಿದರು, ನಾನು ಪರೀಕ್ಷೆಯ ಬಗ್ಗೆ ಹೇಳುತ್ತೇನೆ.

ಪೇಪರ್ 1 ಅಂದರೆ 1ರಿಂದ 5, ಪೇಪರ್ 2 ಅಂದರೆ 6ರಿಂದ 8. ಒಂದೊಂದರಲ್ಲೂ 150 ಪ್ರಶ್ನೆ, 150 ನಿಮಿಷ. ತಪ್ಪಾದರೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಸಾಮಾನ್ಯ ಮತ್ತು 2ಎ, 2ಬಿ, 3ಎ, 3ಬಿಯವರಿಗೆ 60 ಪರ್ಸೆಂಟ್, ಅಂದರೆ 90 ಅಂಕ. ಎಸ್‌ಸಿ, ಎಸ್‌ಟಿ, ಪ್ರವರ್ಗ-1 ಮತ್ತು ವಿಕಲಚೇತನರಿಗೆ 55 ಪರ್ಸೆಂಟ್.

ಪೇಪರ್ 1ರಲ್ಲಿ ಐದು ಭಾಗ, ತಲಾ 30: ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರ, ಭಾಷೆ 1, ಭಾಷೆ 2, ಗಣಿತ, ಪರಿಸರ ಅಧ್ಯಯನ. ಇಲ್ಲೊಂದು ಗುಟ್ಟಿದೆ. ಕೇಂದ್ರದ ಸಿಟಿಇಟಿ ಪಠ್ಯಕ್ರಮದಲ್ಲಿ ಮೊದಲ ಭಾಗ ಬಿಟ್ಟು ಉಳಿದ ನಾಲ್ಕರಲ್ಲೂ ಅರ್ಧ ಪ್ರಶ್ನೆ ವಿಷಯದ್ದು, ಅರ್ಧ ಆ ವಿಷಯವನ್ನು ಹೇಗೆ ಕಲಿಸುತ್ತೀರಿ ಅನ್ನುವುದರದ್ದು. ನಮ್ಮ ರಾಜ್ಯದ್ದೂ ಹೆಚ್ಚೂಕಮ್ಮಿ ಅದೇ ದಾರಿ. ಮೊದಲ ಭಾಗದ 30ಕ್ಕೆ ಈ ನಾಲ್ಕು 15 ಸೇರಿಸಿ. 90 ಆಯಿತಲ್ವಾ? ಪಾಸಾಗೋದಕ್ಕೂ ಅಷ್ಟೇ ಬೇಕು. ಹಾಗಂತ ಎಲ್ಲವೂ ಸರಿ ಬರುತ್ತದೆ ಅಂತಲ್ಲ, ಆದರೆ ನಮ್ಮಂಥ ಹೊಸಬರು ಬಾಯಿಪಾಠ ಮಾಡಿದ್ದನ್ನು ನೀವು ದಿನಾ ಮಾಡುತ್ತಿದ್ದೀರಿ. "ಒಂದು ಮಗು 52ರಿಂದ 38 ಕಳೆದು 26 ಅಂತ ಬರೆದಿದೆ, ಶಿಕ್ಷಕಿ ಮೊದಲು ಏನು ಮಾಡಬೇಕು" ಅನ್ನುವ ಥರದ ಪ್ರಶ್ನೆ ಬರುತ್ತದೆ. ಮಗು 8ರಿಂದ 2 ಕಳೆದಿದೆ ಅಂತ ನಿಮಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ನಾಲ್ಕು ಆಯ್ಕೆಯಲ್ಲಿ ಮಗುವಿಗೆ ಬೈಯುವುದು, ಮತ್ತೆ ಹತ್ತು ಸಲ ಬರೆಸುವುದು, ಪೋಷಕರನ್ನು ಕರೆಸುವುದು ಇರುತ್ತದೆ. ಉಳಿದ ಒಂದೇ ಸರಿ ಉತ್ತರ.

ಮನಶ್ಶಾಸ್ತ್ರಜ್ಞರ ಹೆಸರುಗಳನ್ನು ಮಾತ್ರ ಓದಲೇಬೇಕು. ಪಿಯಾಜೆಯ ನಾಲ್ಕು ಹಂತ, ವೈಗೋಟ್ಸ್ಕಿ, ಕೋಲ್‌ಬರ್ಗ್. ಟಿಸಿಎಚ್‌ನಲ್ಲಿ ಓದಿದ್ದು ಎರಡು ಸಲ ತಿರುವಿ ಹಾಕಿದರೆ ವಾಪಸ್ ಬರುತ್ತದೆ. ದಪ್ಪ ಗೈಡ್‌ಗೆ ದುಡ್ಡು ಸುರಿಯಬೇಡಿ. ನಮ್ಮ ಪಠ್ಯಪುಸ್ತಕಗಳನ್ನೇ ಓದಿ, ಪೇಪರ್ 1ಕ್ಕೂ ಹತ್ತನೇ ತರಗತಿವರೆಗಿನದ್ದು. ವಿಷಯ 1ರಿಂದ 5ರದ್ದಾದರೂ ಪ್ರಶ್ನೆಯ ಮಟ್ಟ ಪ್ರೌಢಶಾಲೆವರೆಗೆ ಹೋಗುತ್ತದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ. ನನ್ನ ಜೊತೆಗಿದ್ದವರು ಹೆಚ್ಚಾಗಿ ಎಡವಿದ್ದು ಸಮಯದಲ್ಲೇ. ಗದ್ಯಭಾಗ ಓದುತ್ತಾ ಕೂತು ಗಣಿತಕ್ಕೆ ಹೊತ್ತೇ ಉಳಿಯಲಿಲ್ಲ.

ಬಿ.ಎಡ್ ಹುಡುಗಿ, ತುಮಕೂರು:

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನದು ಬಿ.ಎಡ್. 1ರಿಂದ 5ಕ್ಕೆ ಅರ್ಜಿ ಹಾಕಬಹುದಾ? ಈಗ ಇರುವುದು ಖಾಸಗಿ ಶಾಲೆಯಲ್ಲಿ. ಈ ತೀರ್ಪು ನಮಗೂ ಇದೆಯಾ?

ಸಿಆರ್‌ಪಿ ಕಡೂರು:

ಇಲ್ಲಮ್ಮ, 1ರಿಂದ 5ಕ್ಕೆ ಬಿ.ಎಡ್ ನಡೆಯುವುದಿಲ್ಲ. 2018ರಲ್ಲಿ ಎನ್‌ಸಿಟಿಇ ಅವಕಾಶ ಕೊಟ್ಟಿತ್ತು, 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ನಿಮಗೆ ಪೇಪರ್ 2 ಸರಿ. ಪಾಸಾದರೆ ಕೆಲಸ ಸಿಕ್ಕಿತು ಅಂತಲ್ಲ, ನೇಮಕಾತಿ ಪರೀಕ್ಷೆ ಬೇರೆಯೇ ಇರುತ್ತದೆ. ಖಾಸಗಿ ಶಾಲೆಗೂ ತೀರ್ಪು ಅನ್ವಯಿಸುತ್ತದೆ. ಅಲ್ಪಸಂಖ್ಯಾತ ಸಂಸ್ಥೆಗಳ ವಿಷಯ ಮಾತ್ರ ದೊಡ್ಡ ಪೀಠಕ್ಕೆ ಹೋಗಿದೆ. 9 ಮತ್ತು 10ಕ್ಕೆ ಕಲಿಸುವವರಿಗೆ ಈ ತೀರ್ಪಿನ ತಂಟೆ ಇಲ್ಲ, ಕಾಯ್ದೆ ಇರುವುದೇ 8ರವರೆಗೆ.

ರೋಣದ ಅಕ್ಕೋರು:

ಸರ್, ತಂಗಿ, ಇಬ್ಬರಿಗೂ ಧನ್ಯವಾದ. 52ರಿಂದ 38 ಕಳೆದ ಮಗು ನಮ್ಮ ಶಾಲೆಯಲ್ಲೂ ಇದೆ, ಪ್ರತಿ ವರ್ಷ ಒಂದು ಬರುತ್ತದೆ! ಆ 90ರ ಲೆಕ್ಕ ಓದಿದ ಮೇಲೆ ಸ್ವಲ್ಪ ಧೈರ್ಯ ಬಂತು. ಗಣಿತ, ಪರಿಸರ, ಕನ್ನಡ ನನಗೆ ಭಯ ಇಲ್ಲ. ಇಂಗ್ಲಿಷ್ 30 ಅಂಕ ನೆನೆಸಿಕೊಂಡರೆ ಎದೆ ಡವಡವ ಅನ್ನುತ್ತದೆ. ನಾವು ಓದುವಾಗ ಎಬಿಸಿಡಿ ಶುರುವಾಗಿದ್ದೇ ಐದನೇ ತರಗತಿಯಲ್ಲಿ.

ನ್ಯಾಯದ ವಿಷಯದಲ್ಲಿ ನನ್ನ ಮನಸ್ಸು ಬದಲಾಗಿಲ್ಲ. ಹೊಸಬರಿಗೆ ಪರೀಕ್ಷೆ ಇರಲಿ, ಬೇಕೇ ಬೇಕು. ಅಂದಿನ ನಿಯಮ ಕೇಳಿದ್ದೆಲ್ಲ ಕೊಟ್ಟು ಬಂದವರಿಗೆ ನಡುವೆ ನಿಯಮ ಬದಲಾಯಿಸಿದರೆ, ಓದಲು ರಜೆಯನ್ನಾದರೂ ಕೊಡಬೇಕಲ್ವಾ? ಸಮೀಕ್ಷೆ, ಚುನಾವಣೆ, ಎಸ್‌ಎಟಿಎಸ್ (ಮಕ್ಕಳ ಆನ್‌ಲೈನ್ ದಾಖಲೆ) ಎಂಟ್ರಿ ಎಲ್ಲ ನಮ್ಮ ತಲೆಗೇ. ಸಂಘದವರು ಬೇರೇನೂ ಕೇಳದಿದ್ದರೂ ಅದೊಂದನ್ನು ಕೇಳಲಿ.

ಇನ್ನೊಂದು ಪ್ರಶ್ನೆ. 6-7ಕ್ಕೆ ಸಮಾಜ ತೆಗೆದುಕೊಳ್ಳುತ್ತಿದ್ದೇನೆ ಅಂದೆನಲ್ಲ. ಹಾಗಾದರೆ ಪೇಪರ್ 2 ಬರೆಯಬೇಕಾ?

ಸಿಆರ್‌ಪಿ ಕಡೂರು:

ನಿಮ್ಮ ನೇಮಕಾತಿ ಆದೇಶ 1ರಿಂದ 5ಕ್ಕೆ ಇದ್ದರೆ ಪೇಪರ್ 1. ಕೆಲಸ ಉಳಿಯುವುದು ಅದರ ಮೇಲೆ, ಮೊದಲು ಅದನ್ನೇ ಗಟ್ಟಿ ಮಾಡಿಕೊಳ್ಳಿ. ಬಿಎ ಇದೆ, ಟಿಸಿಎಚ್ ಇದೆ, ಪೇಪರ್ 2ಕ್ಕೂ ಕೂರಬಹುದು. ಮುಂದೆ 6ರಿಂದ 8ಕ್ಕೆ ಬಡ್ತಿ ಕೇಳುವ ಆಸೆ ಇದ್ದರೆ ಅದು ಬೇಕಾಗುತ್ತದೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಇರುವುದರಿಂದ ಒಂದೇ ದಿನ ಎರಡನ್ನೂ ಬರೆಯಬಹುದು. ಆದರೆ ಇಂಗ್ಲಿಷ್ ಭಯ ಇರುವವರು ಮೊದಲ ಸಲ ಒಂದನ್ನೇ ಬರೆಯುವುದು ಒಳ್ಳೆಯದು ಅಂತ ನನ್ನ ಅನಿಸಿಕೆ. ಪಾಸಾದ ಮೇಲೆ ಬಿಇಒ ಕಚೇರಿಗೆ ಅರ್ಜಿ ಕೊಟ್ಟು ಸೇವಾ ಪುಸ್ತಕದಲ್ಲಿ ಬರೆಸಿಕೊಳ್ಳಿ, ಸ್ವೀಕೃತಿ ಇಲ್ಲದೆ ಅಲ್ಲಿಂದ ಎದ್ದು ಬರಬೇಡಿ.

ಜಿಪಿಟಿ 2022:

ಇಂಗ್ಲಿಷ್‌ಗೆ ಭಯ ಬೇಡ ಅಕ್ಕಾ. ಗದ್ಯ ಕೊಟ್ಟು ಅದರ ಮೇಲೇ ಪ್ರಶ್ನೆ ಕೇಳುತ್ತಾರೆ, ಉತ್ತರ ಅಲ್ಲೇ ಇರುತ್ತದೆ. ಮೊದಲು ಪ್ರಶ್ನೆ ಓದಿ, ಆಮೇಲೆ ಗದ್ಯಕ್ಕೆ ಹೋಗಿ. ಏಳು, ಎಂಟನೇ ತರಗತಿ ಇಂಗ್ಲಿಷ್ ಪಾಠದ ಕೊನೆಯ ಅಭ್ಯಾಸಗಳನ್ನು ಬಿಡಿಸಿದರೆ ವ್ಯಾಕರಣಕ್ಕೆ ಅಷ್ಟು ಸಾಕು. ನಿಮಗೆ 30ಕ್ಕೆ 30 ಬೇಕಿಲ್ಲ, 15 ಬಂದರೂ ಉಳಿದದ್ದು ಕನ್ನಡ ಮತ್ತು ಪರಿಸರದಲ್ಲಿ ತುಂಬುತ್ತದೆ. ಭಾಗವಾರು ಪಾಸಾಗಬೇಕು ಅಂತ ಇಲ್ಲ, ಒಟ್ಟು ಅಂಕ ನೋಡುತ್ತಾರೆ.

ರೋಣದ ಅಕ್ಕೋರು:

ಸರಿ ತಂಗಿ, ಪೇಪರ್ 1 ಬರೆಯುತ್ತೇನೆ. ರೋಣ, ಗಜೇಂದ್ರಗಡ, ನರೇಗಲ್ ಕಡೆಯ ಟೀಚರ್‌ಗಳು ಯಾರಾದರೂ ಇದ್ದರೆ ಇಲ್ಲೇ ಹೇಳಿ. ಭಾನುವಾರ ನಮ್ಮ ಮನೆಯಲ್ಲಿ ಕೂತು ಹಳೆಯ ಪ್ರಶ್ನೆಪತ್ರಿಕೆ ಬಿಡಿಸೋಣ. ಇಂಗ್ಲಿಷ್ ಬಲ್ಲವರಿಗೆ ಊಟ ನಮ್ಮಲ್ಲೇ.